ಬಳ್ಳಾರಿಗೆ ಬರಲಿದ್ದ ಮಷೀನ್ ಕಣ್ಣು

ಶಾಹೀನಾ, ನಿನ್ನ ಅಪ್ಪನ ಕಣ್ಣು ಹೋದದ್ದಕ್ಕೆ ಕಾರಣ ನಾನು. ನಿನ್ನ ಅಮ್ಮಿ ಅಲ್ಲ, ಡಾಕ್ಟರಲ್ಲ, ಹಣೆಬರಹವೂ ಅಲ್ಲ — ನಾನು, ಈ ಕೊಟ್ರೇಶ, ಕೊಟ್ಟೂರಿನ ವಿಡಿಯೋ ಹಾಲಿನಲ್ಲಿ ಕೋಲು ಹಿಡಿದು ನಿಂತು ಇಂಗ್ಲಿಷ್ ಪಿಕ್ಚರಿನ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದವನು. ಮೊನ್ನೆ ತೀರಿಹೋದ ಅಮ್ಮಿಯ ಜಿಯಾರತ್ ದಿನ ನಿಮ್ಮ ಮನೆಗೆ ಬಂದಿದ್ದೆನಲ್ಲ, ಆಗ ನೀನು ಅಳುತ್ತ ಅಂದೆ: "ಸಾಯೂತನಕ ಅದನ್ನ ಅಂತಿದ್ಲು ಅಣ್ಣಾ — ಅವತ್ತು ನಾನ ಅವರ ಕೈ ಹಿಡಿದು ದಾವಣಗೇರಿಗೆ ಎಳಕೊಂಡು ಹೋಗಬೇಕಾಗಿತ್ತು ಅಂತ." ನಾನು ಏನು ಮಾಡಿದೆ? ತಲೆ ಅಲ್ಲಾಡಿಸಿದೆ. ಕೊಟ್ಟ ನೀರು ಕುಡಿದೆ. ಚಪ್ಪಲಿ ಮೆಟ್ಟಿಕೊಂಡು ಬಂದೆ. ನಿನ್ನ ಸೋದರಮಾವ ಅಲ್ಲಿಯೇ ಕುಳಿತು, "ಹೆಣ್ಣುಮಗಳು ಗಟ್ಟಿ ಇದ್ದಿದ್ದರ ಹುಸೇನನ ಕಣ್ಣು ಉಳೀತಿದ್ವು" ಅಂದಾಗಲೂ ನಾನು ಬಾಯಿ ಬಿಡಲಿಲ್ಲ. ಸತ್ತವಳ ಮೇಲೆ ಮೂರನೆಯ ದಿನ ಆ ಮಾತು ಬಿತ್ತು, ಮತ್ತು ಆ ಮಾತು ಬೀಳಬೇಕಾದ ಮನುಷ್ಯ ಪಕ್ಕದಲ್ಲೇ ಕುಳಿತಿದ್ದ.

ನೀನಾಗ ಐದನೆಯ ಇಯತ್ತೆಯಲ್ಲಿದ್ದೆ, ನೆನಪಿರಲಿಕ್ಕಿಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳು. ಶೇಂಗಾ ಗೋದಾಮೊಂದರ ಕಿಟಕಿಗಳಿಗೆ ಕಂಬಳಿ ಕಟ್ಟಿ, ಒಂದು ಕಲರ್ ಟಿವಿ, ಕ್ಯಾಸೆಟ್ ಹಾಕುವ ಒಂದು ವಿಸಿಪಿ ಇಟ್ಟು ಅದನ್ನೇ ವಿಡಿಯೋ ಹಾಲ್ ಅನ್ನುತ್ತಿದ್ದರು. ಸಂತೆಯ ದಿನ ಮಧ್ಯಾಹ್ನ ಇಂಗ್ಲಿಷ್ ಪಿಕ್ಚರು. ಭಾಷೆ ಯಾರಿಗೂ ಬಾರದು. ಹಾಗಾಗಿ ಟಿವಿಯ ಪಕ್ಕದಲ್ಲಿ ಕಥೆ ಹೇಳುವವನೊಬ್ಬ ಬೇಕು — ಹರಪನಹಳ್ಳಿಯಲ್ಲಿ ಒಬ್ಬನಿದ್ದ, ಹಡಗಲಿಯಲ್ಲಿ ಒಬ್ಬನಿದ್ದ, ಕೊಟ್ಟೂರಿಗೆ ನಾನು. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೆ ಅದೊಂದು ದೊಡ್ಡ ಪದವಿ.

ನಮ್ಮ ಕಸುಬಿಗೆ ಒಂದು ಪದ್ಧತಿ ಇತ್ತು. ಯಾವ ಪಿಕ್ಚರೇ ಇರಲಿ, ಶುರುವಾಗುತ್ತಲೇ ಕೋಲಿನಿಂದ ಟಿವಿಯ ನೆತ್ತಿ ಕುಟ್ಟಿ, "ಇದು ಅಮೆರಿಕಾದಾಗ ನಡೆದ ಕಥಿ ನೋಡ್ರಿ" ಅನ್ನಬೇಕು. ನಡೆದದ್ದು ಅಂದರೆ ಜನ ಕೂಡುತ್ತಾರೆ. ಸುಳ್ಳು ಕಥೆ ಅಂದರೆ, "ಸುಳ್ಳ ಕೇಳಾಕ ಇಲ್ಲಿತನಕ ಬರಬೇಕೇನಪಾ, ನಮ್ಮ ಓಣ್ಯಾಗ ಕಡಿಮಿ ಅದಾವೇನು?" ಎಂದು ಎದ್ದು ಹೋಗುತ್ತಾರೆ. ಹೊಡೆದಾಟದ ಪಿಕ್ಚರಿಗೆ ಈ ಸುಳ್ಳು ನಡೆಯುತ್ತಿತ್ತು. ಆದರೆ ನನಗೆ ಹುಚ್ಚು ಹಿಡಿಸಿದ್ದವು ಬೇರೆಯವು — ನಕ್ಷತ್ರಗಳ ನಡುವೆ ಹಡಗು ನಡೆಸುವವರ, ಹಿಂದಿನ ಕಾಲಕ್ಕೆ ಹೋಗಿ ಬರುವವರ, ಅರ್ಧ ಮನುಷ್ಯ ಅರ್ಧ ಯಂತ್ರವಾದವರ ಪಿಕ್ಚರುಗಳು. ಅವುಗಳಿಗೂ ನಾನು ಅದೇ ಮಾತು ಅಂಟಿಸಿದೆ.

ಈ ಜಾತಿಯ ಪಿಕ್ಚರುಗಳ ವಿಷಯ ಬಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಮ್ಮವರು ತೆಗೆದದ್ದನ್ನು ನೋಡು. ಆಕಾಶದಿಂದ ತಟ್ಟೆಯೊಂದು ಇಳಿದರೆ ಹಳ್ಳಿಯವರು ಮೊದಲು ಮಾಡುವ ಕೆಲಸ ಕಾಯಿ ಒಡೆಯುವುದು! ವಿಜ್ಞಾನಿ ಅಂದರೆ ಕೆದರಿದ ತಲೆ, ಬಣ್ಣದ ನೀರು ಕುದಿಯುವ ಗಾಜಿನ ಬುರುಡೆ. ಮುಂದಿನ ಶತಮಾನಕ್ಕೆ ಹೋದ ಹೀರೋ ಅಲ್ಲಿಯೂ ನಾಲ್ವರಿಗೆ ಹೊಡೆದು ಒಂದು ಹಾಡು ಹೇಳಿ ವಾಪಸಾಗುತ್ತಾನೆ. ಟಿವಿಯ ಧಾರಾವಾಹಿಗಳಲ್ಲಂತೂ ರಟ್ಟಿನ ರಾಕೆಟ್ಟು, ಅದನ್ನು ಎಳೆಯುವ ದಾರ ಕೂಡ ಕಾಣುತ್ತಿತ್ತು. ನೋಡುವವರು ಗಮಾರರು, ಅವರಿಗೆ ಇಷ್ಟೇ ಸಾಕು ಎಂಬ ಸಸಾರ. ಓದಿದವರದು ಇನ್ನೊಂದು ಸಸಾರ — ಇವೆಲ್ಲ ಚಿಳ್ಳೆಪಿಳ್ಳೆಗಳಿಗೆ ಎಂದು.

ನಿನ್ನ ಅಪ್ಪ ಗಮಾರನೇ? ಬಸ್ ಸ್ಟ್ಯಾಂಡಿನ ಎದುರು ಗಾಜಿನ ಡಬ್ಬಿಯಂಥ ಅಂಗಡಿಯಲ್ಲಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡುತ್ತಿದ್ದ ಹುಸೇನ್ ಮಾಮ, ಉರ್ದು ನಾಲ್ಕನೆಯ ಇಯತ್ತೆ ಓದಿದ್ದವನು. ಪ್ರತಿ ಸಂತೆಗೂ ಮುಂದಿನ ಸಾಲಿನಲ್ಲಿ ಅವನು. ಕಾಲದಲ್ಲಿ ಹಿಂದೆ ಹೋಗುವ ಪಿಕ್ಚರೊಂದು ಮುಗಿದ ಮೇಲೆ ಕೇಳಿದ್ದ: "ಲೇ ಕೊಟ್ರೇಶಿ, ಅವ ಹಿಂದಕ ಹೋಗಿ ಅವರಪ್ಪನ ಮದವೀನ ನಿಲ್ಲಿಸಿದ್ನಪಾ ಅಂತ ತಿಳಕೋ. ಹಂಗಾದ್ರ ಹೋದಾಂವ ಯಾರು?" ಎಂಟು ದಿನ ನನಗೆ ಅನ್ನ ಸೇರಲಿಲ್ಲ. ಅಂಥ ಪ್ರಶ್ನೆ ಹುಟ್ಟಿಸುವ ಕಥೆಯನ್ನು ಮಕ್ಕಳಾಟ ಎಂದವರ ಬಾಯಿಗೆ ಮಣ್ಣು ಬೀಳಲಿ ಎಂದು ನಾನು ಶಪಿಸುತ್ತಿದ್ದೆ. ಅವನಿಗಿಂತ ದೊಡ್ಡ ಪ್ರೇಕ್ಷಕ ನನಗೆ ಇನ್ನೊಬ್ಬ ಸಿಗಲಿಲ್ಲ. ಅಂಥವನಿಗೇ ನಾನು...

ಹೇಳುತ್ತೇನೆ. ಮಾಮನ ನೋಟ ಪಕ್ಕಗಳಿಂದ ಕಿರಿದಾಗುತ್ತಿತ್ತು. ಹರಪನಹಳ್ಳಿಯ ಕಣ್ಣಿನ ಶಿಬಿರದಲ್ಲಿ ನೋಡಿದ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು — ಕಣ್ಣೊಳಗೆ ಒತ್ತಡ ಏರಿದೆ, ಹೋದದ್ದು ಬರುವುದಿಲ್ಲ, ಆಪರೇಷನ್ ಮಾಡಿದರೆ ಇದ್ದದ್ದು ಉಳಿಯುತ್ತದೆ, ತಡಮಾಡಬೇಡ. ದಾವಣಗೆರೆಗೆ ಚೀಟಿ ಬರೆದು ದಿನ ಗೊತ್ತುಮಾಡಿ ಕೊಟ್ಟಿದ್ದರು. ಜೈನಾಬಿ ಅತ್ತೆ, ನಿನ್ನ ಅಮ್ಮಿ, ಜೊತೆಗೆ ಹೋಗಲು ಬಟ್ಟೆಯ ಚೀಲ ಕೂಡ ಕಟ್ಟಿಟ್ಟಿದ್ದಳು.

ಆ ವಾರದ ಸಂತೆಗೆ ಬಂದ ಪಿಕ್ಚರಿನಲ್ಲಿ ಕುರುಡನೊಬ್ಬನಿಗೆ ಮಷೀನಿನ ಕಣ್ಣು ಕೂಡಿಸುತ್ತಾರೆ. ಶುರುವಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು — ಇದು ಇನ್ನು ನೂರು ವರ್ಷಗಳ ನಂತರದ ಮಾತು ಎಂದು. ಓದಲು ಬಂತು ನನಗೆ. ಅರ್ಥವೂ ಆಯಿತು. ನುಂಗಿದೆ. ಕೋಲು ಕುಟ್ಟಿ, "ಇದು ಅಮೆರಿಕಾದಾಗ ನಡೆದ ಕಥಿ ನೋಡ್ರಿ" ಅಂದೆ.

ಅರ್ಧ ಪಿಕ್ಚರಿಗೆ ಟೇಪು ಸಿಕ್ಕಿಕೊಂಡು ನಿಂತಿತು. ದೀಪ ಹಾಕಿದರು. ಹಿಂದೆ ಕಾಲೇಜಿನ ಲೆಕ್ಚರರೊಬ್ಬರು ಕುಳಿತಿದ್ದರು, ಯಾರ ಒತ್ತಾಯಕ್ಕೋ ಬಂದವರು. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ನಕ್ಕರು. "ಕಾಗಕ್ಕ ಗುಬ್ಬಕ್ಕನ ಕಥಿ ಚಲೋ ಹೇಳ್ತೀಯಲ್ಲೋ ತಮ್ಮಾ! ತಗಡಿನ ಕಣ್ಣಂತ, ಅದರಾಗ ನೋಡ್ತಾನಂತ! ನಡದದ್ದಂತ!" ಹಾಲಿಗೆ ಹಾಲೇ ನಕ್ಕಿತು. ಮಾಮ ಒಬ್ಬನೇ ನಗಲಿಲ್ಲ. ಎದ್ದು ನನ್ನ ಹತ್ತಿರ ಬಂದು ಕೇಳಿದ:

"ಕೊಟ್ರೇಶಿ, ಖರೇವ ಐತೇನಪಾ ಇದು? ಬರೋ ಸೋಮವಾರ ನನಗ ಆಪರೇಷನ್ ಐತಿ. ಮಾಡಿಸ್ಕೊಳ್ಳಲೋ, ಬ್ಯಾಡೋ?"

ಅವನು ನನ್ನನ್ನು ಕೇಳುತ್ತಿದ್ದ. ನಾನು ಲೆಕ್ಚರರನ್ನು ನೋಡುತ್ತಿದ್ದೆ.

"ಖರೇವ ಮಾಮಾ," ಅಂದೆ, ಅವರಿಗೆ ಕೇಳಲೆಂದೇ ದನಿ ಏರಿಸಿ. "ನಾಕೈದು ವರ್ಷದಾಗ ಬಳ್ಳಾರಿಗೂ ಬರ್ತೈತಿ. ಒಮ್ಮೆ ಚಾಕು ಹಾಕಿದ ಕಣ್ಣಿಗೆ ಮಾತ್ರ ಈ ಮಷೀನು ಕೂಡಂಗಿಲ್ಲ ನೋಡ್ರಿ."

ಕೊನೆಯ ಮಾತು ಪಿಕ್ಚರಿನಲ್ಲೂ ಇರಲಿಲ್ಲ. ಎಲ್ಲಿಂದ ಬಂತೋ — ಅಲ್ಲ, ಎಲ್ಲಿಂದ ಬಂತೋ ಎಂದು ಬರೆಯಬಾರದು. ನನ್ನ ಸೊಕ್ಕಿನಿಂದ ಬಂತು. ಸುಳ್ಳಿಗೆ ಒಂದು ಕರಾರು ಸೇರಿಸಿದರೆ ನಿಜದಂತೆ ಕೇಳಿಸುತ್ತದೆ ಎಂಬುದು ಕಥೆ ಹೇಳಿ ಹೇಳಿ ನನಗೆ ಚೆನ್ನಾಗಿ ಗೊತ್ತಿತ್ತು. ಜನ ಸಿಳ್ಳೆ ಹೊಡೆದರು. ಲೆಕ್ಚರರು ಕೈ ಝಾಡಿಸಿ ಹೊರಗೆ ಹೋದರು. ಗೆದ್ದೆ ಎಂದುಕೊಂಡೆ. ಇಡೀ ಸಂಜೆ ಬೀಗುತ್ತ ಬಜಾರಿನಲ್ಲಿ ತಿರುಗಿದೆ, ನಾಚಿಕೆಗೆಟ್ಟವನು.

ಸೋಮವಾರ ಮಾಮ ದಾವಣಗೆರೆಗೆ ಹೋಗಲಿಲ್ಲ. "ಚಾಕು ಬ್ಯಾಡ" ಎಂದಷ್ಟೇ ಅಂದನಂತೆ. ಏಕೆಂದು ಹೆಂಡತಿಗೂ ಹೇಳಲಿಲ್ಲ, ನಕ್ಕಾರು ಎಂದು. ಅತ್ತೆ ಅತ್ತಳು, ಊಟ ಬಿಟ್ಟಳು, ಕೊನೆಗೆ ಯಾರ ಬಳಿ ಬಂದಳು ಗೊತ್ತೇ? ನನ್ನ ಬಳಿಗೇ. ಹಾಲಿನ ಬಾಗಿಲಲ್ಲಿ ಸೆರಗು ಹಿಡಿದು ನಿಂತು, "ನಿನ್ನ ಮಾತಂದ್ರ ಅವರಿಗೆ ಭಾಳ ಕಿಮ್ಮತ್ತು. ನೀ ಒಂದು ಮಾತು ಹೇಳಪಾ, ನಿನಗ ಪುಣ್ಯ ಬರ್ತೈತಿ" ಅಂದಳು. "ಹೇಳ್ತೀನಿ ಬಿಡತ್ತಿ" ಅಂದೆ. ಹೇಳಲಿಲ್ಲ. ಹೇಳಬೇಕಾದರೆ ನಾನು ಸುಳ್ಳ ಎಂದು ಒಪ್ಪಬೇಕಿತ್ತು. ಇವತ್ತು ನಾಳೆ ಅನ್ನುತ್ತಲೇ ತಿಂಗಳುಗಳು ಹೋದವು. ಎರಡು ವರ್ಷದಲ್ಲಿ ಮಾಮನ ಎರಡೂ ಕಣ್ಣು ಹೋದವು. ಸಣ್ಣ ಮುಳ್ಳು, ಸಣ್ಣ ಹಲ್ಲು ಚಕ್ರ ಹಿಡಿದು ಬದುಕಿದವನು ಅಂಗಡಿಗೆ ಬಾಗಿಲು ಹಾಕಿ ಮನೆಯಲ್ಲಿ ಕೂತ. ಊರಿಗೆ ಕಾರಣ ಬೇಕಲ್ಲ — ಹೆಂಡತಿಗೆ ಊರು ಬಿಟ್ಟು ಹೋಗಲು ಮನಸ್ಸಿರಲಿಲ್ಲ, ಅವಳೇ ತಡೆದಳು ಅಂದರು. ಮಾಮನನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ಮಾತು ಅವಳ ಕಿವಿಗೂ ಬಿತ್ತು. ನನ್ನ ಕಿವಿಗೂ ಬಿತ್ತು.

ಆ ವರ್ಷಗಳಲ್ಲಿ ನಾನು ಅವನ ಹತ್ತಿರ ಹೋಗುತ್ತಿದ್ದೆ. ಟಿವಿಯಲ್ಲಿ ಬಂದ ಪಿಕ್ಚರುಗಳನ್ನು ಅವನಿಗೆ ಬಿಡಿಸಿ ಹೇಳುತ್ತಿದ್ದೆ. "ಎಂಥಾ ಹುಡುಗ, ಕಣ್ಣಿಲ್ಲದಾಂವಗ ಕಣ್ಣಾಗ್ಯಾನ" ಎಂದು ಓಣಿಯವರು ಹೊಗಳುತ್ತಿದ್ದರು, ನಾನು ಹೊಗಳಿಸಿಕೊಳ್ಳುತ್ತಿದ್ದೆ! ಹೋದಾಗೊಮ್ಮೆ ಮಾಮ ಮೆಲ್ಲಗೆ ಕೇಳುವನು, "ಬಳ್ಳಾರಿಗೆ ಬಂತೇನಪಾ ಅದು?" ನಾನು, "ಮುಂದಿನ ವರ್ಷ ಬರ್ತೈತಂತ ಮಾಮಾ." ಒಂದಲ್ಲ, ಆರು ವರ್ಷ ಹೀಗೆ ಅಂದೆ.

ಒಂದು ದಿನ ನಿನಗೆ ನೆನಪಿರಬೇಕು. ಕೇಬಲ್ ಬಂದು ಇಂಗ್ಲಿಷ್ ಪಿಕ್ಚರುಗಳೆಲ್ಲ ಹಿಂದಿಯಲ್ಲಿ ಮಾತಾಡತೊಡಗಿದ್ದವು. ನೀನು ಚಹಾ ತಂದಿಟ್ಟು ಚಾನೆಲ್ ತಿರುಗಿಸಿದೆ. ಅದೇ ಪಿಕ್ಚರು, ಶುರುವಿನಿಂದ. ಹಿಂದಿಯ ಗಂಡಸಿನ ದನಿಯೊಂದು ಗಂಭೀರವಾಗಿ ಹೇಳಿತು — ಈ ಕಥೆ ನೂರು ವರ್ಷಗಳ ನಂತರದ್ದು. ಉರ್ದು ಬಲ್ಲ ಮಾಮನಿಗೆ ಹಿಂದಿ ಬಿಡಿಸಿ ಹೇಳಲು ನಾನು ಬೇಕಾಗಿರಲಿಲ್ಲ. ಕಣ್ಣಿನ ಪ್ರಸಂಗ ಬರುವವರೆಗೂ ಅಲುಗಾಡದೆ ಕೇಳಿಸಿಕೊಂಡ. ಆಮೇಲೆ ನನ್ನ ಕಡೆ ಮುಖ ತಿರುಗಿಸಿದ.

"ಕೊಟ್ರೇಶಿ, ಇದು ಆ ಪಿಕ್ಚರ್ ಅಲ್ಲೇನೋ? ನೂರು ವರ್ಷ ಆದ ಮ್ಯಾಲಂತ ಅಂತಾನಲ್ಲ ಇವ. ನೀ ನಡದದ್ದು ಅಂದಿದ್ಯಲ್ಲ?"

ದೇವರು ಬಾಗಿಲು ತೆರೆದು ನಿಂತಿದ್ದ. ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ನಾನೆಂದೆ:

"ಇದು ಬ್ಯಾರೆ ಪಿಕ್ಚರ್, ಮಾಮಾ."

"ಹೌದಾ," ಅಂದ. ಚಹಾದ ಕಪ್ಪು ಕೆಳಗಿಟ್ಟು, "ಬ್ಯಾರೆ ಇರಬೇಕು ಬಿಡು. ಶಾಹೀನಾ, ಬಂದ್ ಮಾಡು ಮಗಾ ಅದನ್ನ." ನೀನು ಬಂದ್ ಮಾಡಿದೆ. ಆ ದಿನದಿಂದ ಸಾಯುವವರೆಗೂ ಅವನು ಬಳ್ಳಾರಿಯ ಮಾತೆತ್ತಲಿಲ್ಲ. ನನಗೆ ಚಹಾ ಕೊಡಿಸುವುದನ್ನೂ ಬಿಡಲಿಲ್ಲ. ಅವನಿಗೆ ತಿಳಿದಿತ್ತೋ ಇಲ್ಲವೋ — ತಿಳಿದಿತ್ತು. ಗಡಿಯಾರ ಸುಳ್ಳು ಹೇಳುತ್ತಿದ್ದರೆ ಕಿವಿಯಿಂದಲೇ ಹಿಡಿಯುತ್ತಿದ್ದವನು ಅವನು.

ಲೆಕ್ಚರರ ಮೇಲೆ, ಪಿಕ್ಚರು ತೆಗೆಯುವವರ ಮೇಲೆ ಇಷ್ಟು ವರ್ಷ ಹಲ್ಲು ಕಡಿದೆನಲ್ಲ, ಅವರು ಯಾರ ಕಣ್ಣು ಕಿತ್ತರು? ಅವರು ಜನರನ್ನು ದಡ್ಡರೆಂದು ತಿಳಿದರು. ನಾನೂ ತಿಳಿದೆ. ಇನ್ನೂ ಆಗದ್ದನ್ನು ಆಗದ್ದು ಎಂದೇ ಹೇಳಿದರೆ ನಮ್ಮ ಜನ ತಾಳಲಾರರು ಎಂದು ನಿರ್ಧರಿಸಿದವನು ನಾನೇ. ಹೋದವನು ಯಾರು ಎಂದು ಕೇಳಿದ ಮನುಷ್ಯ ನೂರು ವರ್ಷ ಎಂಬ ಮಾತನ್ನು ತಾಳುತ್ತಿರಲಿಲ್ಲವೇ? ಆ ಸಾಲನ್ನು ಇದ್ದ ಹಾಗೆ ಓದಿದ್ದರೆ ಅವನು ನಕ್ಕು, "ನನ್ನ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಆತು ತಗೋ" ಎಂದು ಸೋಮವಾರ ಬಸ್ಸು ಹತ್ತುತ್ತಿದ್ದ. ಆ ಕಥೆಗಳನ್ನು ನನ್ನಷ್ಟು ಪ್ರೀತಿಸಿದವರು ಈ ಸೀಮೆಯಲ್ಲಿ ಇರಲಿಲ್ಲ, ನನ್ನಷ್ಟು ಹೊಲಸು ಮಾಡಿದವರೂ ಇರಲಿಲ್ಲ.

ಇದನ್ನು ಕಾಗದದಲ್ಲಿ ಬರೆದು ಕೈ ತೊಳೆದುಕೊಳ್ಳುವ ಮನುಷ್ಯನಾಗಿ ಉಳಿಯುವುದಿಲ್ಲ. ಅಮ್ಮಿಯ ನಲವತ್ತನೆಯ ದಿನಕ್ಕೆ ನಿಮ್ಮ ಬಳಗವೆಲ್ಲ ಕೂಡುತ್ತದೆ. ನಿನ್ನ ಸೋದರಮಾವನೂ ಇರುತ್ತಾನೆ. ಅವರೆಲ್ಲರ ಎದುರು ನಿಂತು ಇದನ್ನು ನನ್ನ ಬಾಯಿಂದಲೇ ಹೇಳುತ್ತೇನೆ. ಹೊಡೆದರೆ ಹೊಡೆಯಲಿ. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖವಿಲ್ಲ, ಕೇಳುವುದೂ ಇಲ್ಲ. ಜೈನಾಬಿ ಅತ್ತೆ ಕೈ ಹಿಡಿದು ಎಳೆದಿದ್ದಳು, ಶಾಹೀನಾ. ಇನ್ನೊಂದು ಕೈ ಹಿಡಿದುಕೊಂಡು ಬಿಡದೆ ನಿಂತವನು ನಾನು.