ಆಕೆಯ ಗೇಣಿನ ಅಳತೆ

“ಮಗು ಎತ್ತರ ಎಷ್ಟು ಸರ್?” ಎಂದು ಕೇಳಿದ್ದಕ್ಕೆ ಅವರು ಅಂಗೈಯನ್ನು ಮೊಣಕಾಲಿನ ಮಟ್ಟಕ್ಕೆ ಹಿಡಿದರು. ಆಮೇಲೆ ಸ್ವಲ್ಪ ಮೇಲಕ್ಕೆತ್ತಿ, “ಯುಗಾದಿಗಿ ನೋಡಿದ್ದರಿ,” ಎಂದರು.

ನಾನು ಇಂದಿರಾನಗರದ ಮಕ್ಕಳ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಅವರು ಯಾದಗಿರಿ ಕಡೆಯ ಕ್ಯಾಬ್ ಡ್ರೈವರ್. ಕಗ್ಗದಾಸಪುರದ ಬಾಡಿಗೆ ರೂಮಿಗೆ ಹೆಂಡತಿ, ಮಗಳನ್ನು ಊರಿಂದ ತಮ್ಮ ಕಾರಿನಲ್ಲೇ ಕರೆತರಲು ಹೊರಟಿದ್ದರು. ಕಾರಿನಲ್ಲಿ ಮಗಳನ್ನು ಬೆಲ್ಟ್ ಹಾಕಿ ಕೂರಿಸಲು ಮಕ್ಕಳ ಸೀಟೊಂದು ಬೇಕಿತ್ತು. ಅದು ಎತ್ತರಕ್ಕೆ ಹೊಂದದಿದ್ದರೆ ಬ್ರೇಕ್ ಹಾಕಿದಾಗ ಬೆಲ್ಟ್ ಕುತ್ತಿಗೆಗೆ ಬರುತ್ತದೆ.

“ಅಂದಾಜಲ್ಲಿ ಕೊಡೋಕೆ ಇದೇನು ಬನಿಯನ್ನಾ ಗುರು, ಮನೆಗೆ ಫೋನ್ ಮಾಡಿ,” ಎಂದೆ.

ಸ್ವಲ್ಪ ಹೊತ್ತಿಗೆ ಸ್ಪೀಕರಿನಲ್ಲಿ ಹೆಂಡತಿಯ ದನಿ ಬಂತು: “ಗ್ವಾಡಿಗಿ ನಿಂದ್ರಿಸಿ ಅಳದೀನ್ರಿ. ನಾಲ್ಕೂವರಿ ಗೇಣು ಆಗ್ಯಾಳ.”

ನಾನು ದೊಡ್ಡ ಎಂಜಿನಿಯರನ ಗತ್ತಿನಲ್ಲಿ ನನ್ನ ಗೇಣನ್ನೇ ಟೇಪಿನ ಮೇಲೆ ಚಾಚಿದೆ. ಅವರು ನನ್ನ ಕೈ ಸರಿಸಿದರು.

“ನಿಮ್ಮದಲ್ಲರಿ. ಆಕಿ ಕೈ ಸಣ್ಣದು.”

ತಮ್ಮ ಬೆರಳು ಚಾಚಿ, ಕಿರುಬೆರಳನ್ನು ನಿಧಾನವಾಗಿ ಒಳಗೆಳೆದು ಒಂದೆಡೆ ನಿಲ್ಲಿಸಿದರು. “ಇಷ್ಟ,” ಎಂದರು. ಕೈಯನ್ನು ಬೇಗ ತೆಗೆಯಲಿಲ್ಲ. ಆ ಅಳತೆಯ ಮೇಲೆ, ಹಿಂದಕ್ಕೆ ಮುಖಮಾಡಿ ಕೂರಿಸುವ ಸೀಟು ಆರಿಸಿಕೊಟ್ಟೆ.

ಅಂಗಡಿಗೆ ಬಂದವರ ದನಿಯನ್ನೆಲ್ಲ ಅಣಕಿಸುವುದು ನನ್ನ ಚಟ; ನಮ್ಮ ಮ್ಯಾನೇಜರ್‌ ಥರ ಬೈಯುವುದರಲ್ಲಿ ಅವರನ್ನೇ ಮೀರಿಸಿದ್ದೇನೆ. ಆದರೆ ಆ ಡ್ರೈವರ್‌ಗೆ ಗೊತ್ತಿರುವ ಹಾಗೆ ದೂರದಲ್ಲಿರುವ ಯಾರ ಕೈಯಗಲವೂ ನನ್ನ ಕೈಗೆ ಗೊತ್ತಿಲ್ಲ. ಅಂದು ರೂಮಿಗೆ ಹೋಗಿ ಸುಮ್ಮನೆ ಟೇಬಲ್ಲಿನ ಮೇಲೆ ಗೇಣು ಚಾಚಿದೆ. ಕಿರುಬೆರಳನ್ನು ಎಲ್ಲಿ ನಿಲ್ಲಿಸಬೇಕೋ ತಿಳಿಯಲಿಲ್ಲ.