ಹುಣಸೆಬೀಜದ ಗಂಜಿ ನಾತ ಹೊಡೆದ ಬಗ್ಗೆ

ಓದುಗ ಮಹನೀಯರ ಸನ್ನಿಧಾನಕ್ಕೆ, ಇದುವರೆಗೆ ತಾಲ್ಲೂಕು ಕಚೇರಿಗೆ ಅರ್ಜಿಗಳನ್ನಲ್ಲದೆ ಬೇರೇನನ್ನೂ ಬರೆಯದ ನಾನು ಅರಿಕೆ ಮಾಡುವುದೇನೆಂದರೆ: ಕೆಳಗೆ ವಿವರಿಸಿರುವ ಸಂಗತಿಯು ಅಸಹ್ಯವಾದದ್ದು. ಅದನ್ನು ತೊಳೆದು ಹೇಳುವ ವಿಧಾನ ನನಗೆ ತಿಳಿದಿಲ್ಲವಾದ ಕಾರಣ, ಇದ್ದಂತೆಯೇ ಸಲ್ಲಿಸಿರುತ್ತೇನೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಶಿರಾ ಸಮೀಪದ ಹಳ್ಳಿಯೊಂದರಲ್ಲಿ ಕಂಬಳಿ ನೇಯುತ್ತಿದ್ದೆ. ಹುಣಸೆಬೀಜವನ್ನು ಹುರಿದು, ಅರೆದು, ಕಾಯಿಸಿದ ಗಂಜಿಯನ್ನು ನೇಯ್ದ ಕಂಬಳಿಗೆ ಬಳಿಯುವುದು ನಮ್ಮ ಕಸುಬಿನ ಕ್ರಮ. ಒಣಗಿದ ಮೇಲೆ ಕಂಬಳಿ ಬಿರುಸಾಗಿ ಮಳೆ ತಡೆಯುತ್ತದೆ. ಗಂಜಿಯನ್ನು ಕಾಯಿಸಿದ ಮರುದಿನದೊಳಗೆ ಬಳಿಯತಕ್ಕದ್ದು. ಉಳಿದರೆ ಲೋಳೆಗಟ್ಟಿ, ಸತ್ತ ಇಲಿಯ ನಾತ ಹೊಡೆಯುತ್ತದೆ.

ನನ್ನ ಹೆಂಡತಿ ಎರಡನೆಯ ಹೆರಿಗೆಯಲ್ಲಿ ಕೂಸಿನೊಡನೆ ತೀರಿಕೊಂಡ ತರುವಾಯ ಆ ನಾತ ನನಗೆ ತಿಳಿಯದಾಯಿತು. ವಾರ ಕಳೆದ ಗಂಜಿಯಲ್ಲಿ ಕೈಯನ್ನು ಮೊಣಕೈವರೆಗೆ ಅದ್ದಿ ಬಳಿಯುತ್ತಿದ್ದೆ. ಅದೇ ಕೈಯನ್ನು ಪಂಚೆಗೆ ಒರೆಸಿ ಮುದ್ದೆ ಮುರಿಯುತ್ತಿದ್ದೆ. ನಾಲ್ಕು ವರ್ಷದ ಮಗಳಿಗೂ ಅದೇ ಕೈಯಿಂದ ತುತ್ತು. ಇದನ್ನು ಬರೆಯುವಾಗ ಈಗಲೂ ವಾಕರಿಕೆ ಬರುತ್ತದೆ. ದುಃಖ ನುಂಗಿಕೊಂಡು ದುಡಿಯುವ ಗಂಡಸೆಂದು ನೆರೆಯವರು ಹೊಗಳುತ್ತಿದ್ದರು. ಆ ಹೊಗಳಿಕೆಯೂ ನನಗೀಗ ಹೇಸಿಗೆಯೇ.

ಹೊಗಳದವರು ಅತ್ತೆ ಒಬ್ಬರೇ. ಪಾವಗಡದಿಂದ ಬಸ್ಸಿನಲ್ಲಿ ಬಂದವರು ಹೊಸ್ತಿಲಲ್ಲೇ ಮೂಗಿಗೆ ಸೆರಗು ಹಿಡಿದು, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಬೈದರು.

“ಥೂ, ಏಮಪ್ಪಾ ಇದು? ಹಂದಿನೂ ಇಂಗಿರಲ್ಲ ಕಣಯ್ಯ!”

“ಹೆಂಗಿದ್ರೆ ಏನತ್ತೆ?” ಎಂದೆ.

“ಹೆಂಗಿದ್ರೆ ಏನಾ? ಈ ಬಿಡ್ಡ ನನ್ ಮಗಳ ಹೊಟ್ಟೇಲಿ ಹುಟ್ಟಿದ್ದು, ನಿನ್ ಗಂಜಿ ಮಡಕೇಲಲ್ಲ. ಬರೋ ಅಮಾಸೆಗೆ ಬತ್ತೀನಿ. ಆಗ್ಲೂ ಇಂಗೇ ಇದ್ರೆ ಎತ್ಕೊಂಡೋಗ್ಬುಡ್ತೀನಿ.”

ಮಗಳು ಹೋಗುತ್ತಾಳೆಂಬ ಮಾತು ಕಿವಿಗೆ ಬಿತ್ತು, ಎದೆಗೆ ಬೀಳಲಿಲ್ಲ.

ಅಮಾವಾಸ್ಯೆಗೆ ಎರಡು ದಿನವಿರುವಾಗ, ಬೆಳಿಗ್ಗೆ, ಎಂದಿನಂತೆ ಮಡಕೆಗೆ ಕೈ ಹಾಕಿದೆ. ಬೆರಳ ಸಂದಿಯಲ್ಲಿ ಬಿಳಿಯ ಹುಳವೊಂದು ಹೊರಳಿತು. ನಾತ ಹೊಟ್ಟೆಗೇ ಹೊಡೆಯಿತು. ಅಂಗಳಕ್ಕೆ ಓಡಿ ಕಾರಿಕೊಂಡೆ. ತಲೆಯೆತ್ತಿದರೆ ಮಗಳು ನಿಂತಿದ್ದಳು: ಕೂದಲ ತುಂಬ ಹೇನು, ಕೆನ್ನೆಯ ಮೇಲೆ ಒಣಗಿದ ಗಂಜಿಯ ಹಕ್ಕಳೆ. ಹಕ್ಕಳೆಯಲ್ಲಿ ನನ್ನದೇ ಬೆರಳಿನ ಗುರುತು.

“ಅಪ್ಪಾ, ನಾತ.”

“ಊಂ ಕಣಮ್ಮ, ನಾತ.”

ಅವಳು ಈ ಮಾತನ್ನು ತಿಂಗಳುಗಳಿಂದ ಹೇಳುತ್ತಿದ್ದಿರಬೇಕು.

ದುಃಖ ಇಳಿದುದರ ಗುರುತು ನಗುವೆಂದು ಬಲ್ಲವರು ಹೇಳುತ್ತಾರೆ. ನನ್ನ ವಿಚಾರದಲ್ಲಿ ಅದು ವಾಂತಿಯಾಗಿ ಬಂದಿತೆಂಬುದನ್ನು ವಿನಯಪೂರ್ವಕ ದಾಖಲಿಸಿರುತ್ತೇನೆ. ಮಡಕೆಯನ್ನು ತಿಪ್ಪೆಯಲ್ಲಿ ಒಡೆದೆ. ಕೈಯನ್ನು ಚರ್ಮ ಉರಿಯುವವರೆಗೆ ಬೂದಿಯಿಂದ ತಿಕ್ಕಿದೆ. ನೀರು ಕಾಯಿಸಿ, ಸೀಗೆಪುಡಿ ಹಾಕಿ ಅವಳ ತಲೆ ತೊಳೆದೆ. ಹೇನುಗಳನ್ನು ಒಂದೊಂದಾಗಿ ಉಗುರಿನ ಮೇಲೆ ಕುಕ್ಕುವಾಗ ಮೈ ಜುಮ್ಮೆನ್ನುತ್ತಿತ್ತು.

ಅಮಾವಾಸ್ಯೆಯಂದು ಅತ್ತೆ ಬಂದವರೇ ಮಗುವಿನ ಬಟ್ಟೆಗಳನ್ನು ಗಂಟು ಕಟ್ಟಿದರು. ತೊಳೆದ ತಲೆಯನ್ನು ಅವರು ನಂಬಲಿಲ್ಲ.

“ನಾನ್ ಬತ್ತೀನಂತ ತೊಳ್ದಿದ್ದೀಯ. ನಾಳೆ ಮತ್ತೆ ಅಂಗೇ.”

ಕುಡಿಯಲು ನೀರು ತಂದೆ. ಕೊಡುವ ಮುನ್ನ ಚೊಂಬಿನೊಳಗೆ ನೊಣ ಕಂಡಿತು. “ಥೂ!” ಎಂದು, ಯೋಚಿಸದೆಯೇ ನೀರು ಚೆಲ್ಲಿ, ಚೊಂಬನ್ನು ಬೆಳಗಿ, ಬೇರೆ ನೀರು ತಂದೆ.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

“ಈಗ ಸರ್ಯಾಗಿ ಥೂ ಅಂದೆ ನೋಡು,” ಎಂದರು.

ನೀರು ಪೂರ್ತಿ ಕುಡಿದು, ಗಂಟು ಬಿಚ್ಚಿ, ಬಟ್ಟೆಗಳನ್ನು ಹಗ್ಗದ ಮೇಲೆ ಹಾಕಿ, ಸಂಜೆಯ ಬಸ್ಸಿಗೆ ಒಬ್ಬರೇ ಹೊರಟರು.