ತಲೆಬಾಗಿಲಿಗೆ ಯಾರ ಮೊಳ?

ಜಗಳ ಆಗಿದ್ದು ಬಾಗಿಲಿಗಲ್ಲ, ತೋಳಿಗೆ. ಮಿಕ್ಕಿದ್ದೆಲ್ಲ ಊರಿನವರು ಸೇರಿಸಿದ್ದು.

ಮುಳ್ಳೂರಿನ ನಮ್ಮ ಮನೆ ತಲೆಬಾಗಿಲಿಗೆ ಗೆದ್ದಲು ಹಿಡಿದಿತ್ತು. ಹೊಸದು ಮಾಡಿಸಬೇಕು. ತಲೆಬಾಗಿಲ ಅಳತೆ ಮನೆ ಯಜಮಾನನ ಮೊಳದಲ್ಲೇ ಆಗಬೇಕು ಅನ್ನೋದು ನಮ್ಮಲ್ಲಿ ನಡೆದು ಬಂದದ್ದು. ಮೊಣಕೈಯಿಂದ ನಡುಬೆರಳ ತುದಿಗೆ ಒಂದು ಮೊಳ. ಹಳೇ ಬಾಗಿಲು ನಮ್ಮ ಮಾವನವರ ಮೊಳದ್ದು. ನಮ್ಮ ಯಜಮಾನರು ಹೋದ ವರ್ಷ ತೀರಿಕೊಂಡರು. ಈಗ ಯಾರ ಮೊಳ?

ದೊಡ್ಡ ಮಗ ಮಾದಪ್ಪ ಆಗಲೇ ಅಂಗಿ ತೋಳು ಮಡಿಸಿ ನಿಂತಿದ್ದ. ಚಿಕ್ಕವನು ಶಿವಮಲ್ಲ ನಕ್ಕುಬಿಟ್ಟ.

"ಅಣ್ಣಾ, ನಿನ್ ಗಿಡ್ಡ ತೋಳಲ್ಲಿ ಅಳದ್ರೆ ನೆಂಟ್ರು ತೆವಳ್ಕಂಡು ಒಳಿಕ್ ಬರ್ಬೇಕಾಯ್ತದೆ."

"ಮುಚ್ಲಾ ಬಾಯಿ. ದೊಡ್ಡೋನು ನಾನು!"

"ದೊಡ್ಡೋನು ನೀನು, ಗೇಯೋನು ನಾನು!"

ಬಂತಲ್ಲ ಹೊರಗೆ? ಬಾಗಿಲು ಅಂತೆ ಬಾಗಿಲು!

"ಅಂಗಾದ್ರೆ ಬ್ಯಾರೆ ಒಲೆ ಹೂಡ್ತೀನಿ" ಅಂದ ಮಾದಪ್ಪ. ಅಂದದ್ದೇ ತಡ, ಸೊಸೆಯರು ಪಾತ್ರೆ ಆರಿಸೋಕೆ ಶುರು. ದೊಡ್ಡವಳು ಹೋಗಿ ಬೀಸೋ ಕಲ್ಲಿನ ಮೇಲೆ ಕೂತೇಬಿಟ್ಟಳು, ಎದ್ದರೆ ಚಿಕ್ಕವಳು ಎತ್ತಿಕೊಂಡು ಹೋದಾಳು ಅಂತ. (ಆ ಕಲ್ಲು ಎತ್ತೋಕೆ ಇಬ್ಬರೂ ಸೇರಬೇಕು. ಅದು ಬೇರೆ ಮಾತು.)

ಬಾಗಿಲು ಮಾಡೋಕೆ ಬಂದಿದ್ದ ಆಚಾರಿ ಪಾಪ, ಜೇಬಿನಿಂದ ಟೇಪು ತೆಗೆದ. ಕೊಳ್ಳೇಗಾಲದಲ್ಲಿ ಕೊಂಡದ್ದಂತೆ. "ಯಾರ್ ಕೈಯೂ ಬ್ಯಾಡ ಬುಡಿ, ಇದ್ರಲ್ಲಿ ಅಳೀತೀನಿ."

ಟೇಪು ಬರೋ ಮುಂಚೆ ಲೋಕ ನಡೀತಿರಲಿಲ್ಲವಾ? ಗೇಣು, ಮೊಳ, ಮಾರು, ಎಲ್ಲ ಮೈಯಲ್ಲೇ ಇತ್ತು. ಮನೇಲಿ ಮರೆತು ಬಂದೆ ಅನ್ನೋ ಹಾಗೇ ಇಲ್ಲ. ಆದರೆ ಹೂವಿನವಳ ಮೊಳ ಹಬ್ಬದ ದಿನ ಗಿಡ್ಡ ಆಗ್ತದೆ, ನೋಡಿದ್ದೀರಲ್ಲ? ಅದಕ್ಕೇ ಬಟ್ಟೆ ಅಂಗಡಿಗೆ ಗಜಕಡ್ಡಿ ಬಂತು. ಹೊಲ ಅಳೆಯೋಕೆ ಸರ್ವೆಯವರ ಸರಪಳಿ ಬಂತು. ಕಡ್ಡಿ ಬಗ್ಗಲ್ಲ, ಸರಪಳಿ ಜೇಬಿಗೆ ಹಿಡಿಸಲ್ಲ. ಕೊನೆಗೆ ಬಂತು ಟೇಪು. ಸೊಂಟಕ್ಕೂ ಸುತ್ತಬಹುದು, ಮರಕ್ಕೂ ಸುತ್ತಬಹುದು. ಕೊಳ್ಳೇಗಾಲ ಮದ್ರಾಸ್ ಸರ್ಕಾರದ್ದು, ಪಕ್ಕದ ಯಳಂದೂರು ಮೈಸೂರು ರಾಜರದು. ಆದರೂ ಇಂಚು ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಅದಕ್ಕೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ.

ನನ್ನ ಮಕ್ಕಳಿಗೆ ಹಿಡಿಸದೆ ಇದ್ದದ್ದು ಅದೇ.

"ಟೇಪೇನು ಈ ಮನೆ ಯಜಮಾನ್ನಾ?" ಅಂದ ಮಾದಪ್ಪ. "ಅದೇ ಮತ್ತೆ!" ಅಂದ ಶಿವಮಲ್ಲ. ಬೆಳಗಿನಿಂದ ಇಬ್ಬರೂ ಒಪ್ಪಿದ ಮಾತು ಅದೊಂದೇ. ಆಮೇಲೆ ಊಟ ಮಾಡದೆ ಒಬ್ಬ ಜಗಲಿ ಮೇಲೆ, ಒಬ್ಬ ಹಿತ್ತಿಲಲ್ಲಿ ಮಲಗಿದರು. ಒಲೆ ಎರಡಾಗೋಕೆ ಇನ್ನೇನು ಬೇಕು?

ನಾನು ಬುದ್ಧಿ ಹೇಳೋಕೆ ಹೋಗಲಿಲ್ಲ. ಮೀಸೆ ಬಂದವರಿಗೆ ಯಾರು ಹೇಳ್ತಾರೆ?

ಬೆಳಿಗ್ಗೆ ಆಚಾರಿ ಬರೋ ಹೊತ್ತಿಗೆ ಮನೆಯೊಳಗಿನ ಕೊಟ್ಟಿಗೆಯಿಂದ ನಮ್ಮ ದೊಡ್ಡೆತ್ತು ಬಿಚ್ಚಿ ತಂದು ಬಾಗಿಲ ಮುಂದೆ ನಿಲ್ಲಿಸಿದೆ.

"ಈ ಬಾಗ್ಲಲ್ಲಿ ದಿನಾ ಓಡಾಡೋರಲ್ಲಿ ಅಗಲವಾಗಿರೋನು ಇವ್ನು. ಇವ್ನು ತೂರುದ್ರೆ ನೀವೆಲ್ಲಾ ತೂರ್ತೀರಿ. ಕೊಂಬಿಂದ ಕೊಂಬಿಗೆ ಟೇಪ್ ಇಡೀರಿ."

ಆ ಕೊಂಬಿನ ಹತ್ತಿರ ದೊಡ್ಡವನು ಒಂದು ತುದಿ ಹಿಡಿದ, ಈ ಕೊಂಬಿನ ಹತ್ತಿರ ಚಿಕ್ಕವನು ಇನ್ನೊಂದು. ಆಚಾರಿ ಇಂಚು ಓದಿದ.

ಮೂಗುದಾರ ಮಾತ್ರ ನಾನು ಹಿಡಿದುಕೊಂಡೆ.